ಇದ್ದೂ ಇಲ್ಲದ ಸ್ವಿಚ್: ಹೊಸ ಸಾಧನಗಳು ಎನ್‌ಎಂಎಸ್ ಕಣ್ಣಿಗೆ ಬೀಳುವಂತೆ ಮಾಡುವ ಬಗೆ

ಎನ್‌ಎಂಎಸ್ ಅಂದರೆ ಜಾಲದ ಸಾಧನಗಳ ಮೇಲೆ ಕಣ್ಣಿಡುವ ತಂತ್ರಾಂಶ. ಅದರ ಪರದೆಯ ಮೇಲೆ ಕೆಂಪು ಕಂಡರೆ ಯಾರಾದರೂ ಎದ್ದು ಓಡುತ್ತಾರೆ. ಪಟ್ಟಿಯಲ್ಲೇ ಇಲ್ಲದ ಸಾಧನ ಕೆಟ್ಟರೆ ಕೆಂಪೂ ಇಲ್ಲ, ಹಸಿರೂ ಇಲ್ಲ. ಎರಡು ಪವರ್ ಸಪ್ಲೈಗಳಲ್ಲಿ ಒಂದು ಕೆಟ್ಟು ತಿಂಗಳಾಗಿರುತ್ತದೆ, ಉಳಿದೊಂದರ ಮೇಲೆ ಸ್ವಿಚ್ ಹೇಗೋ ದಿನ ದೂಡುತ್ತಿರುತ್ತದೆ, ಯಾರಿಗೂ ಸುಳಿವಿರುವುದಿಲ್ಲ. ಅದೂ ಕೈಕೊಟ್ಟ ಮೇಲೆ ಬಳಕೆದಾರರ ಫೋನೇ ನಮಗೆ ಅಲಾರಂ.

ಹೊಸ ಸ್ವಿಚ್, ರೌಟರ್ ಅಥವಾ ಫೈರ್‌ವಾಲ್ ಹಾಕುವಾಗ ನಮ್ಮ ಗಮನವೆಲ್ಲ ಟ್ರಾಫಿಕ್ ಹರಿಯುವುದರ ಮೇಲೆ. ಪೋರ್ಟ್‌ಗಳಲ್ಲಿ ದೀಪ ಬಂತು, ಬಳಕೆದಾರರಿಗೆ ಸಂಪರ್ಕ ಸಿಕ್ಕಿತು, ಟಿಕೆಟ್ ಮುಚ್ಚಿದ್ದಾಯಿತು. ಎನ್‌ಎಂಎಸ್ ತಾನೇ ಹೊಸ ಸಾಧನಗಳನ್ನು ಹುಡುಕುವ ಕೆಲಸಕ್ಕೆ ಡಿಸ್ಕವರಿ ಎನ್ನುತ್ತಾರೆ. 'ಡಿಸ್ಕವರಿ ರಾತ್ರಿ ಓಡುತ್ತದಲ್ಲ, ತಾನಾಗಿ ಸಿಗುತ್ತದೆ ಬಿಡಿ' ಎನ್ನುವುದು ವಾಡಿಕೆ. ಸಿಗುವುದೂ ಉಂಟು. ಆದರೆ ಸಿಗದೇ ಹೋದರೆ ಅದನ್ನು ಹೇಳುವವರಿಲ್ಲ, ಏಕೆಂದರೆ ತನಗೆ ಗೊತ್ತೇ ಇಲ್ಲದ ಸಾಧನ ಕಾಣೆಯಾಗಿದೆ ಎಂದು ದೂರು ಕೊಡಲು ಯಾವ ತಂತ್ರಾಂಶಕ್ಕೂ ಬಾರದು. ಹಾಗಾಗಿ ಪತ್ತೆಯಾಗುವ ಹೊಣೆಯನ್ನು ನಾನು ತಂತ್ರಾಂಶದ ಮೇಲೆ ಬಿಡುವುದಿಲ್ಲ. ಸಾಧನವನ್ನು ರ‍್ಯಾಕಿಗೆ ಏರಿಸಿದವರೇ ಅದನ್ನು ಪಟ್ಟಿಗೂ ಏರಿಸಿ ಬರಬೇಕು.

ಡಿಸ್ಕವರಿ ಕೇಳುವ ನಾಲ್ಕು ಪ್ರಶ್ನೆ

ತಂತ್ರಾಂಶ ಯಾವುದೇ ಇರಲಿ, ಒಳಗೆ ನಡೆಯುವುದು ಹೆಚ್ಚುಕಡಿಮೆ ಒಂದೇ. ಮೊದಲು ಒಂದು ಐಪಿ ವಿಳಾಸಕ್ಕೆ ಪಿಂಗ್ ಕಳಿಸಿ 'ಇಲ್ಲಿ ಯಾರಾದರೂ ಇದ್ದೀರಾ' ಎಂದು ಕೇಳುತ್ತದೆ. ಉತ್ತರ ಬಂದರೆ ಎಸ್‌ಎನ್‌ಎಂಪಿ (ಸಾಧನದ ಸ್ಥಿತಿಗತಿ ಕೇಳುವ ಭಾಷೆ) ಮೂಲಕ 'ನನ್ನ ಜೊತೆ ಮಾತಾಡುತ್ತೀರಾ' ಎಂದು ತನ್ನ ಬಳಿಯ ಗುಪ್ತಪದಗಳನ್ನು ಒಂದೊಂದಾಗಿ ಮುಂದಿಡುತ್ತದೆ. ಮಾತು ಕುದುರಿದರೆ 'ನೀವು ಯಾರು' ಎಂದು ಸಾಧನದ ಜಾತಕ ಕೇಳುತ್ತದೆ. ಕೊನೆಗೆ 'ಇವರನ್ನು ಪಟ್ಟಿಗೆ ಸೇರಿಸಬೇಕೇ' ಎಂದು ತನ್ನದೇ ನಿಯಮಗಳನ್ನು ನೋಡುತ್ತದೆ.

ಇವುಗಳಲ್ಲಿ ಯಾವ ಹಂತದಲ್ಲಿ ಎಡವಿದರೂ ಹೊರಗೆ ಕಾಣುವ ಫಲ ಒಂದೇ: ಸಾಧನ ಪಟ್ಟಿಯಲ್ಲಿಲ್ಲ. ಬಹಳ ಜನ ಇಲ್ಲಿ ದಾರಿ ತಪ್ಪುತ್ತಾರೆ. ಪಿಂಗ್ ಸಿಗದ ಸಾಧನಕ್ಕೆ ಗುಪ್ತಪದ ಬದಲಿಸುತ್ತಾ ಕೂರುತ್ತಾರೆ, ಲೈಸೆನ್ಸ್ ಮುಗಿದಿದ್ದರೆ ಫೈರ್‌ವಾಲ್ ತಂಡದ ಜೊತೆ ಜಗಳಕ್ಕೆ ಹೋಗುತ್ತಾರೆ. ನಾಲ್ಕನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಿಕೊಂಡು ಬಂದರೆ ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಇಳಿಯುತ್ತದೆ.

1. ವಿಳಾಸವನ್ನು ಮೊದಲೇ ಗೊತ್ತುಮಾಡಿ

ಪ್ರತಿ ಸಾಧನಕ್ಕೂ ನಿರ್ವಹಣೆಗೆಂದೇ ಒಂದು ವಿಳಾಸ ಇರಲಿ, ಒಂದೇ ಇರಲಿ. ರೌಟರ್‌ಗಳಿಗೂ ಲೇಯರ್ 3 (ರೌಟಿಂಗ್ ಮಾಡುವ) ಸ್ವಿಚ್‌ಗಳಿಗೂ ಯಾವ ಪೋರ್ಟ್‌ಗೂ ಅಂಟಿಕೊಳ್ಳದ ಲೂಪ್‌ಬ್ಯಾಕ್ ವಿಳಾಸವೇ ಒಳ್ಳೆಯದು. ಯಾವುದೋ ಒಂದು ಪೋರ್ಟ್ ಬಿದ್ದರೂ ಬೇರೆ ದಾರಿ ಇರುವ ತನಕ ಅದು ಬದುಕಿರುತ್ತದೆ. ಲೇಯರ್ 2 ಸ್ವಿಚ್‌ಗೆ ನಿರ್ವಹಣಾ ವಿಎಲ್ಎಎನ್‌ನ (ಒಂದೇ ಜಾಲದೊಳಗೆ ಬೇರ್ಪಡಿಸಿದ ಭಾಗ) ವಿಳಾಸ ಸಾಕು.

ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಪಡೆಯುವ ಸಾಧನವಾದರೆ ಅದರ ಮ್ಯಾಕ್ ವಿಳಾಸಕ್ಕೆ ಐಪಿ ಕಾಯ್ದಿರಿಸಿ. ಇಲ್ಲವಾದರೆ ಇಂದು ಪತ್ತೆಯಾದದ್ದು ಲೀಸ್ ಮುಗಿದ ಮೇಲೆ ಇನ್ನೊಂದು ವಿಳಾಸಕ್ಕೆ ಜಿಗಿಯುತ್ತದೆ. ಎನ್‌ಎಂಎಸ್‌ನಲ್ಲಿ ಹಳೆಯದು ಸತ್ತಂತೆ, ಹೊಸದೊಂದು ಹುಟ್ಟಿದಂತೆ ಕಾಣುತ್ತದೆ.

ಡಿಎನ್‌ಎಸ್‌ನಲ್ಲಿ ಹೆಸರಿನಿಂದ ವಿಳಾಸಕ್ಕೂ ವಿಳಾಸದಿಂದ ಹೆಸರಿಗೂ, ಎರಡೂ ಕಡೆ ದಾಖಲೆ ಹಾಕಿಸಿ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಲಿಬ್ರೆಎನ್‌ಎಂಎಸ್‌ನಂಥ ತಂತ್ರಾಂಶದಲ್ಲಿ ತಾನಾಗಿ ಪತ್ತೆಯಾದ ನೆರೆಯ ಸಾಧನಗಳನ್ನು ಹೆಸರಿಲ್ಲದೆ ಬರೀ ಐಪಿಯಿಂದ ಸೇರಿಸಿಕೊಳ್ಳುವ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಮಾಡದಿದ್ದರೆ, ಹೆಸರು ಸಿಗದ ಸಾಧನ ಹೊರಗೇ ಉಳಿಯುತ್ತದೆ. ಸಾಧನದ ಒಳಗಿನ ಹೋಸ್ಟ್‌ನೇಮ್ ಕೂಡ ಬದಲಿಸಿ. ಕಾರ್ಖಾನೆಯಿಂದ ಬಂದ 'ಸ್ವಿಚ್' ಎಂಬ ಹೆಸರಿನಲ್ಲೇ ಹತ್ತು ಸಾಧನಗಳಿದ್ದರೆ, ಹೆಸರು ನೋಡಿ ನಕಲು ಗುರುತಿಸುವ ತಂತ್ರಾಂಶ ಒಂಬತ್ತನ್ನು ನಕಲೆಂದು ಬಿಟ್ಟುಬಿಡಬಹುದು.

2. ಹೋಗುವ ದಾರಿಯಷ್ಟೇ ಬರುವ ದಾರಿಯೂ ಮುಖ್ಯ

ಒಮ್ಮೆ ನಾನೇ ಹಾಕಿದ ಸ್ವಿಚ್ ವಾರಗಟ್ಟಲೆ ಎನ್‌ಎಂಎಸ್‌ಗೆ ಸಿಗಲಿಲ್ಲ. ಲ್ಯಾಪ್‌ಟಾಪಿನಿಂದ ಪಿಂಗ್ ಆಗುತ್ತಿತ್ತು, ಎಸ್‌ಎನ್‌ಎಂಪಿ ಉತ್ತರ ಬರುತ್ತಿತ್ತು, ಎಲ್ಲವೂ ಸರಿ ಇತ್ತು. ಸರಿ ಇಲ್ಲದ್ದು ಒಂದೇ: ನನ್ನ ಲ್ಯಾಪ್‌ಟಾಪ್ ಅದೇ ವಿಎಲ್ಎಎನ್‌ನಲ್ಲಿತ್ತು. ಸ್ವಿಚ್‌ಗೆ ಡಿಫಾಲ್ಟ್ ಗೇಟ್‌ವೇ ಕೊಡುವುದನ್ನೇ ಮರೆತಿದ್ದೆ. ಎನ್‌ಎಂಎಸ್ ಕಳಿಸಿದ ಪ್ರಶ್ನೆ ಸ್ವಿಚ್ ತಲುಪುತ್ತಿತ್ತು, ಉತ್ತರಕ್ಕೆ ಹೊರಗೆ ಹೋಗುವ ಬಾಗಿಲೇ ಇರಲಿಲ್ಲ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಪರೀಕ್ಷೆ ಏನಿದ್ದರೂ ಎನ್‌ಎಂಎಸ್ ಸರ್ವರ್‌ನಿಂದಲೇ. ಎನ್‌ಎಂಎಸ್ ಪರವಾಗಿ ಪ್ರಶ್ನೆ ಕೇಳುವ ದೂರದ ಪೋಲರ್‌ಗಳಿದ್ದರೆ, ಆ ಸಾಧನವನ್ನು ನೋಡಿಕೊಳ್ಳಬೇಕಾದ ಪೋಲರ್‌ನಿಂದ. ನಮ್ಮ ಲ್ಯಾಪ್‌ಟಾಪ್ ಹೇಳುವ ಸಾಕ್ಷಿ ಇಲ್ಲಿ ನಡೆಯುವುದಿಲ್ಲ.

ದಾರಿಯಲ್ಲಿ ತೆರೆದಿರಬೇಕಾದ್ದು ಇಷ್ಟು. ಎನ್‌ಎಂಎಸ್‌ನಿಂದ ಸಾಧನದ ಕಡೆಗೆ ಐಸಿಎಂಪಿ ಎಕೋ (ಪಿಂಗ್) ಮತ್ತು ಎಸ್‌ಎನ್‌ಎಂಪಿಗೆ ಯುಡಿಪಿ 161. ಸಾಧನದಿಂದ ಎನ್‌ಎಂಎಸ್ ಕಡೆಗೆ ಟ್ರ್ಯಾಪ್‌ಗಳಿಗೆ (ಸಾಧನ ತಾನಾಗಿ ಕಳಿಸುವ ಸೂಚನೆ) ಯುಡಿಪಿ 162, ಸಿಸ್‌ಲಾಗ್ (ಸಾಧನದ ಲಾಗ್ ಸಂದೇಶಗಳು) ಬೇಕಿದ್ದರೆ ಯುಡಿಪಿ 514. ಕಾನ್ಫಿಗರೇಶನ್ ಬ್ಯಾಕಪ್ ತೆಗೆಯುವ ತಂತ್ರಾಂಶವಾದರೆ ಎಸ್‌ಎಸ್‌ಎಚ್‌ಗೆ ಟಿಸಿಪಿ 22, ನೆಟ್‌ಕಾನ್ಫ್ ಬಳಸಿದರೆ ಟಿಸಿಪಿ 830.

ಪಿಂಗ್ ಅನ್ನು ಸುರಕ್ಷತೆಯ ಹೆಸರಿನಲ್ಲಿ ಮುಚ್ಚಿಡುವ ರೂಢಿ ಹಲವೆಡೆ ಇದೆ. ಬಹಳಷ್ಟು ತಂತ್ರಾಂಶಗಳು ಪಿಂಗ್‌ಗೆ ಉತ್ತರ ಬಾರದ ವಿಳಾಸದಲ್ಲಿ ಎಸ್‌ಎನ್‌ಎಂಪಿ ಪ್ರಯತ್ನವನ್ನೇ ಮಾಡುವುದಿಲ್ಲ. ಎಲ್ಲರಿಗೂ ತೆರೆಯಬೇಕಿಲ್ಲ, ಎನ್‌ಎಂಎಸ್ ವಿಳಾಸಕ್ಕಾದರೂ ತೆರೆಯಿರಿ.

ಇನ್ನೆರಡು ಕಡೆ ಕಾಲು ಜಾರುತ್ತದೆ. ನಿರ್ವಹಣಾ ಪೋರ್ಟ್ ಪ್ರತ್ಯೇಕ ವಿಆರ್‌ಎಫ್‌ನಲ್ಲಿರುವ (ಒಂದೇ ಸಾಧನದೊಳಗಿನ ಬೇರೆ ರೌಟಿಂಗ್ ಪಟ್ಟಿ) ಸಾಧನಗಳಲ್ಲಿ ಎಸ್‌ಎನ್‌ಎಂಪಿ ಏಜೆಂಟ್ (ಪ್ರಶ್ನೆಗಳಿಗೆ ಉತ್ತರಿಸುವ ಒಳಗಿನ ತಂತ್ರಾಂಶ) ಆ ವಿಆರ್‌ಎಫ್‌ನಲ್ಲಿ ಕಿವಿಗೊಡುತ್ತಿದೆಯೇ, ಟ್ರ್ಯಾಪ್‌ಗಳು ಅದೇ ವಿಆರ್‌ಎಫ್‌ನಿಂದ ಹೊರಡುತ್ತಿವೆಯೇ ನೋಡಿ. ಎರಡನೆಯದು, ಹಲವು ವಿಳಾಸಗಳಿರುವ ರೌಟರ್. ಎನ್‌ಎಂಎಸ್ ಲೂಪ್‌ಬ್ಯಾಕ್‌ಗೆ ಪ್ರಶ್ನೆ ಕಳಿಸುತ್ತದೆ, ಉತ್ತರ ಹೊರಡುವ ಇಂಟರ್‌ಫೇಸ್‌ನ ವಿಳಾಸ ಹೊತ್ತು ಬರುತ್ತದೆ. 'ನಾನು ಕೇಳಿದ್ದು ನಿಮ್ಮನ್ನಲ್ಲ' ಎಂದು ಎನ್‌ಎಂಎಸ್ಸೋ ಮಧ್ಯದ ಫೈರ್‌ವಾಲೋ ಅದನ್ನು ಎಸೆದುಬಿಡುತ್ತದೆ. ಉತ್ತರಕ್ಕೂ ಟ್ರ್ಯಾಪ್‌ಗೂ ಮೂಲ ವಿಳಾಸ ನಿಗದಿಪಡಿಸುವ ಸೌಲಭ್ಯ ಸಾಧನದಲ್ಲಿದ್ದರೆ ಅಲ್ಲಿ ಲೂಪ್‌ಬ್ಯಾಕ್ ಕೊಟ್ಟುಬಿಡಿ.

3. ಎಸ್‌ಎನ್‌ಎಂಪಿ: ಮೌನವನ್ನು ಓದುವುದು ಕಲಿಯಿರಿ

ತೊಡಕು ಹೆಚ್ಚಿರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೋಗೋಣ.

ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಆವೃತ್ತಿ. ಒಂದು 1996ರ ಕಾಲದ ಆವೃತ್ತಿ 2ಸಿ, ಕಮ್ಯುನಿಟಿ ಎಂಬ ಒಂದೇ ಪದ ಗುಪ್ತಪದದ ಜಾಗದಲ್ಲಿ ಕೆಲಸ ಮಾಡುತ್ತದೆ, ಅದೂ ಜಾಲದಲ್ಲಿ ಬಿಚ್ಚಿಟ್ಟಂತೆ ಹರಿದಾಡುತ್ತದೆ. ಇನ್ನೊಂದು ಆವೃತ್ತಿ 3, ಅದರ ಈಗಿನ ಮಾನದಂಡ 2002ರ ಡಿಸೆಂಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 3411ರಿಂದ 3418ರವರೆಗಿನ ದಾಖಲೆಗಳಲ್ಲಿದೆ. ಬಳಕೆದಾರರ ಹೆಸರು, ದೃಢೀಕರಣ, ಗೂಢಲಿಪಿ ಮೂರೂ ಇದರಲ್ಲಿವೆ. ಹೊಸ ಸಾಧನಕ್ಕೆ ಆವೃತ್ತಿ 3 ಹಾಕಿ ಎಂದೇ ನನ್ನ ಸಲಹೆ, ಆದರೆ ಸುರಕ್ಷತೆಯೊಂದೇ ಅದಕ್ಕೆ ಕಾರಣವಲ್ಲ.

ಆವೃತ್ತಿ 2ಸಿಯಲ್ಲಿ ಕಮ್ಯುನಿಟಿ ತಪ್ಪಾದರೆ ಸಾಧನ ಏನೂ ಹೇಳುವುದಿಲ್ಲ. ಫೈರ್‌ವಾಲ್ ತಡೆದಿದ್ದರೂ ಮೌನ, ಏಜೆಂಟ್ ಓಡುತ್ತಿಲ್ಲದಿದ್ದರೂ ಬಹುಪಾಲು ಮೌನ, ಪದದ ಕೊನೆಯಲ್ಲಿ ಕಾಪಿ ಮಾಡುವಾಗ ಒಂದು ಖಾಲಿ ಜಾಗ ಸೇರಿಕೊಂಡಿದ್ದರೂ ಮೌನ. ಗೋಡೆಯ ಜೊತೆ ಮಾತಾಡಿದ ಹಾಗೆ. ಆವೃತ್ತಿ 3 ಹಾಗಲ್ಲ. ಮೊದಲ ಸಂದೇಶಕ್ಕೇ ಸಾಧನ ತನ್ನ ಎಂಜಿನ್ ಐಡಿಯನ್ನು (ಎಸ್‌ಎನ್‌ಎಂಪಿಯಲ್ಲಿ ಅದರ ಗುರುತು) ತಿಳಿಸಬೇಕು, ಅದಕ್ಕೆ ದೃಢೀಕರಣ ಬೇಕಿಲ್ಲ. ಬಳಕೆದಾರರ ಹೆಸರು ತಪ್ಪಿದ್ದರೆ 'ಈ ಹೆಸರು ಗೊತ್ತಿಲ್ಲ' ಎಂದೂ, ದೃಢೀಕರಣದ ಗುಪ್ತಪದ ತಪ್ಪಿದ್ದರೆ 'ಸಹಿ ಹೊಂದುತ್ತಿಲ್ಲ' ಎಂದೂ ವರದಿ ಕಳಿಸುತ್ತದೆ. ಅಂದರೆ ತಪ್ಪು ಉತ್ತರ ಬಂದರೂ ದಾರಿ ತೆರೆದಿದೆ ಎಂದು ಗೊತ್ತಾಯಿತು. ಸಾಧನದ ಎಸಿಎಲ್ (ಯಾರನ್ನು ಒಳಬಿಡಬೇಕೆಂಬ ಪಟ್ಟಿ) ಮೊದಲೇ ತಡೆಯದಿದ್ದರೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ.

ಆವೃತ್ತಿ 2ಸಿಯಲ್ಲೇ ಸಿಕ್ಕಿಬಿದ್ದಿದ್ದರೆ ಸಾಧನದ ಒಳಗಿನ ಎಣಿಕೆಗಳನ್ನು ನೋಡಿ. ಬಂದ ಎಸ್‌ಎನ್‌ಎಂಪಿ ಪ್ಯಾಕೆಟ್‌ಗಳೆಷ್ಟು, ತಪ್ಪು ಕಮ್ಯುನಿಟಿಯೊಂದಿಗೆ ಬಂದವೆಷ್ಟು ಎಂದು ಏಜೆಂಟ್ ಲೆಕ್ಕ ಇಡುತ್ತದೆ. ಓಐಡಿ (ಎಸ್‌ಎನ್‌ಎಂಪಿಯಲ್ಲಿ ಪ್ರತಿ ಮಾಹಿತಿಗೂ ಇರುವ ಸಂಖ್ಯೆ) ಬೇಕಿದ್ದರೆ ಕ್ರಮವಾಗಿ 1.3.6.1.2.1.11.1 ಮತ್ತು 1.3.6.1.2.1.11.4. ಹೆಚ್ಚಿನ ಸ್ವಿಚ್‌ಗಳು ಕಮಾಂಡ್ ಲೈನ್‌ನಲ್ಲೇ ತೋರಿಸುತ್ತವೆ. ಎನ್‌ಎಂಎಸ್‌ನಿಂದ ಪ್ರಶ್ನೆ ಕಳಿಸಿ, ಎರಡನೇ ಎಣಿಕೆ ಏರಿದರೆ ಪದ ತಪ್ಪು. ಯಾವುದೂ ಕದಲದಿದ್ದರೆ ಪ್ಯಾಕೆಟ್ ಬಂದೇ ಇಲ್ಲ, ದಾರಿಯತ್ತ ಹೋಗಿ. ಮೊದಲನೆಯದು ಮಾತ್ರ ಏರುತ್ತಿದ್ದು ಉತ್ತರ ಬರುತ್ತಿಲ್ಲವಾದರೆ ಮರಳುವ ದಾರಿಯನ್ನು ಅನುಮಾನಿಸಿ. ಈ ಒಂದು ಅಭ್ಯಾಸ ನನಗೆ ಉಳಿಸಿದಷ್ಟು ಸಮಯ ಬೇರಾವುದೂ ಉಳಿಸಿಲ್ಲ.

ಆವೃತ್ತಿ 3ಕ್ಕೂ ತನ್ನದೇ ಕಿರಿಕಿರಿಗಳಿವೆ.

ಬಳಕೆದಾರರ ಕೀಲಿ ತಯಾರಾಗುವುದು ಗುಪ್ತಪದ ಮತ್ತು ಎಂಜಿನ್ ಐಡಿ ಎರಡನ್ನೂ ಸೇರಿಸಿ. ಬಳಕೆದಾರರನ್ನು ಸೃಷ್ಟಿಸಿದ ಮೇಲೆ ಎಂಜಿನ್ ಐಡಿ ಬದಲಿಸಿದರೆ ಹಳೆಯ ಕೀಲಿಗಳು ಕೆಲಸಕ್ಕೆ ಬಾರವು, ಬಳಕೆದಾರರನ್ನು ಮತ್ತೆ ಸೃಷ್ಟಿಸಬೇಕು. ಹಾಗೆಂದು ಒಂದೇ ಎಂಜಿನ್ ಐಡಿಯನ್ನು ಟೆಂಪ್ಲೇಟ್‌ನಲ್ಲಿ ಬರೆದು ಎಲ್ಲಾ ಸಾಧನಗಳಿಗೂ ಹಾಕಿದರೆ ಇನ್ನೂ ಕೆಟ್ಟದ್ದು. ಪ್ರತಿ ಎಂಜಿನ್ ಎಷ್ಟು ಬಾರಿ ಬೂಟ್ ಆಗಿದೆ, ಆಮೇಲೆ ಎಷ್ಟು ಸೆಕೆಂಡ್ ಕಳೆದಿದೆ ಎಂಬುದನ್ನು ಎನ್‌ಎಂಎಸ್ ನೆನಪಿಟ್ಟುಕೊಳ್ಳುತ್ತದೆ. 150 ಸೆಕೆಂಡ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸಂದೇಶ ತಿರಸ್ಕೃತ. ಎರಡು ಸಾಧನಗಳಿಗೆ ಒಂದೇ ಐಡಿ ಇದ್ದರೆ ಇವತ್ತು ಒಂದು ಸಿಗುತ್ತದೆ, ನಾಳೆ ಇನ್ನೊಂದು. ಈ ಕಣ್ಣಾಮುಚ್ಚಾಲೆ ಕಂಡಾಗ ಎಂಜಿನ್ ಐಡಿಗಳನ್ನೇ ಮೊದಲು ಹೋಲಿಸಿ. ತದ್ರೂಪು ಮಾಡಿದ ವರ್ಚುವಲ್ ಸಾಧನಗಳಲ್ಲೂ ಇದೇ ಕಾಟ.

ಗೂಢಲಿಪಿಯ ಆಯ್ಕೆ ಎರಡೂ ಕಡೆ ಒಂದೇ ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಎರಡೂ ಕಡೆ ಎಇಎಸ್ 256 ಎಂದೇ ಬರೆದಿದ್ದರೂ ಹೊಂದದೇ ಹೋಗಬಹುದು. ಎಸ್‌ಎನ್‌ಎಂಪಿಗೆ ಮಾನದಂಡವಾಗಿರುವುದು ಎಇಎಸ್ 128, ಆರ್‌ಎಫ್‌ಸಿ 3826ರಲ್ಲಿ. 192 ಮತ್ತು 256ಕ್ಕೆ ಉದ್ದದ ಕೀಲಿ ಹೊಂದಿಸುವ ವಿಧಾನದಲ್ಲಿ ತಯಾರಕರು ಎರಡು ಪಂಗಡ. ಹೊಂದದಿದ್ದಾಗ 128ಕ್ಕೆ ಇಳಿಸಿ ಪ್ರಯತ್ನಿಸಿ. ಸಿಕ್ಕರೆ ಕಾರಣ ಅದೇ, ಆಮೇಲೆ ತಂತ್ರಾಂಶದಲ್ಲಿ ಇನ್ನೊಂದು ಬಗೆಯ 256 ಇದೆಯೇ ಹುಡುಕಿ.

ವ್ಯೂ ಎಂಬುದೊಂದಿದೆ, ಬಳಕೆದಾರರಿಗೆ ಮಾಹಿತಿಯ ಯಾವ ಕೊಂಬೆಗಳು ಕಾಣಬೇಕು ಎಂಬ ಮಿತಿ. ಇದನ್ನು ಬಿಗಿಯಾಗಿ ಕಟ್ಟಿದರೆ ಸಾಧನ ಪತ್ತೆಯಾಗುತ್ತದೆ, ಹೆಸರೂ ಬರುತ್ತದೆ, ಇಂಟರ್‌ಫೇಸ್ ಮಾತ್ರ ಒಂದೂ ಇಲ್ಲ. ಲಿನಕ್ಸ್ ಆಧಾರಿತ ಸಾಧನಗಳಲ್ಲಿ ಇದು ಸಾಮಾನ್ಯ. ಡೆಬಿಯನ್, ಉಬುಂಟು ಕುಟುಂಬದಲ್ಲಿ ನೆಟ್-ಎಸ್‌ಎನ್‌ಎಂಪಿ ಏಜೆಂಟ್ ಹಾಕಿದ ಹೊಸದರಲ್ಲಿ 127.0.0.1ರಲ್ಲಿ ಮಾತ್ರ ಕಿವಿಗೊಡುತ್ತದೆ, ತೋರಿಸುವುದೂ ಸಿಸ್ಟಮ್ ಮಾಹಿತಿಯಷ್ಟನ್ನೇ. ಎರಡನ್ನೂ ಬದಲಿಸದೆ ಅದು ಹೊರಗಿನವರಿಗೆ ಸಿಗುವುದಿಲ್ಲ.

'ಪಬ್ಲಿಕ್' ಎಂಬ ಕಮ್ಯುನಿಟಿಯ ಬಗ್ಗೆ ಹೇಳಬೇಕೇ? ತೆಗೆದುಹಾಕಿ.

4. ಎನ್‌ಎಂಎಸ್ ಸರ್ವರ್‌ನಲ್ಲಿ ಕುಳಿತು ಕೇಳಿ

ಈಗ ಸರ್ವರ್‌ಗೆ ಲಾಗಿನ್ ಆಗಿ, ತಂತ್ರಾಂಶದ ಪರದೆಯನ್ನು ಬದಿಗಿಟ್ಟು, ಎಸ್‌ಎನ್‌ಎಂಪಿಗೆಟ್ ಮತ್ತು ಎಸ್‌ಎನ್‌ಎಂಪಿವಾಕ್ ಕಮಾಂಡ್‌ಗಳಿಂದ ಕೇಳಿ ನೋಡಿ. ನನ್ನ ಕ್ರಮ ಹೀಗೆ:

ಮೊದಲು ಪಿಂಗ್. ಆಮೇಲೆ 1.3.6.1.2.1.1.2.0, ಅಂದರೆ ಸಿಸ್‌ಆಬ್ಜೆಕ್ಟ್‌ಐಡಿ. ಸಾಧನದ ಜಾತಿ ಯಾವುದೆಂದು ತಂತ್ರಾಂಶ ತೀರ್ಮಾನಿಸುವುದು ಮುಖ್ಯವಾಗಿ ಇದರಿಂದಲೇ. ಉತ್ತರ 1.3.6.1.4.1 ಎಂದು ಶುರುವಾಗಿ ಮುಂದಿನ ಸಂಖ್ಯೆ ತಯಾರಕರದ್ದಾಗಿರುತ್ತದೆ: 9 ಇದ್ದರೆ ಸಿಸ್ಕೊ, 2636 ಜುನಿಪರ್, 14988 ಮೈಕ್ರೋಟಿಕ್, 8072 ಇದ್ದರೆ ನೆಟ್-ಎಸ್‌ಎನ್‌ಎಂಪಿ. ಈ ಸಂಖ್ಯೆಗಳನ್ನು ಹಂಚುವುದು ಐಎಎನ್‌ಎ ಸಂಸ್ಥೆ. ಮೂರನೆಯದಾಗಿ 1.3.6.1.2.1.1.5.0, ಸಿಸ್‌ನೇಮ್, ನಾವು ಕೊಟ್ಟ ಹೆಸರು ಬಂತೇ ಎಂದು. ಕೊನೆಗೆ 1.3.6.1.2.1.2.2, ಇಂಟರ್‌ಫೇಸ್ ಪಟ್ಟಿಯನ್ನು ಪೂರ್ತಿ ನಡೆದು ನೋಡುವುದು.

ಕೊನೆಯದನ್ನು ಬಿಡಬೇಡಿ. ಚಿಕ್ಕ ಪ್ರಶ್ನೆಗಳಿಗೆಲ್ಲ ಉತ್ತರ ಬಂದು ದೊಡ್ಡ ಪಟ್ಟಿ ಕೇಳಿದಾಗ ಮಾತ್ರ ಟೈಮ್‌ಔಟ್ ಆಗುವುದುಂಟು. ದೊಡ್ಡ ಉತ್ತರ ಒಂದೇ ಯುಡಿಪಿ ಪ್ಯಾಕೆಟ್‌ನಲ್ಲಿ ಹಿಡಿಸದೆ ತುಂಡಾಗುತ್ತದೆ, ತುಂಡುಗಳನ್ನು ದಾರಿಯ ಫೈರ್‌ವಾಲ್ ಅಥವಾ ಟನಲ್ ನುಂಗುತ್ತದೆ. ಒಂದು ಬಾರಿಗೆ ಕೇಳುವ ಸಾಲುಗಳ ಸಂಖ್ಯೆಯನ್ನು ಇಳಿಸಿದಾಗ ಉತ್ತರ ಬಂದರೆ ಅದೇ ಕಾರಣ. ಆ ಸಾಧನಕ್ಕೆ ತಂತ್ರಾಂಶದಲ್ಲೂ ಅದೇ ಮಿತಿ ಹಾಕಿ.

5. ನೆರೆಯವರ ಮೂಲಕ ಪರಿಚಯ

ವಿಳಾಸಗಳ ವ್ಯಾಪ್ತಿ ಕೊಟ್ಟು ಒಂದೊಂದನ್ನೂ ತಟ್ಟುವುದು ಡಿಸ್ಕವರಿಯ ಒಂದು ಬಗೆ. ಗೊತ್ತಿರುವ ಸ್ವಿಚ್‌ಗೆ 'ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ' ಎಂದು ಕೇಳಿ ಅಲ್ಲಿಂದ ಮುಂದೆ ಸಾಗುವುದು ಇನ್ನೊಂದು. ಎರಡನೆಯದೇ ನನಗೆ ಇಷ್ಟ, ಏಕೆಂದರೆ ಯಾರಿಗೂ ಹೇಳದೆ ಹಾಕಿದ ಸ್ವಿಚ್ ಕೂಡ ಅದರಲ್ಲಿ ಸಿಗುತ್ತದೆ.

ಇದಕ್ಕೆ ಪಕ್ಕದ ಸಾಧನಕ್ಕೆ ತನ್ನ ಪರಿಚಯ ಹೇಳುವ ಎಲ್‌ಎಲ್‌ಡಿಪಿ ಆನ್ ಇರಬೇಕು. ಇದು ಐಇಇಇ 802.1ಎಬಿ ಮಾನದಂಡ, ಬಹುಪಾಲು ತಯಾರಕರ ಸಾಧನಗಳಲ್ಲಿ ಸಿಗುತ್ತದೆ. ಸಿಸ್ಕೊದ ಬಹಳಷ್ಟು ಐಒಎಸ್ ಸಾಧನಗಳಲ್ಲಿ ಅದರದ್ದೇ ಸಿಡಿಪಿ ತಾನಾಗಿ ಓಡುತ್ತಿರುತ್ತದೆ, ಎಲ್‌ಎಲ್‌ಡಿಪಿಯನ್ನು ನಾವು ಆನ್ ಮಾಡಬೇಕು. ಬೇರೆ ಬೇರೆ ತಯಾರಕರ ಸಾಧನಗಳು ಬೆರೆತ ಜಾಲದಲ್ಲಿ ಇದನ್ನು ಮರೆತರೆ ಅಕ್ಕಪಕ್ಕದಲ್ಲೇ ಇದ್ದರೂ ಒಬ್ಬರಿಗೊಬ್ಬರ ಗುರುತಿಲ್ಲ. ರೂಢಿಯ ಸೆಟ್ಟಿಂಗ್‌ನಲ್ಲಿ ಎಲ್‌ಎಲ್‌ಡಿಪಿ 30 ಸೆಕೆಂಡಿಗೊಮ್ಮೆ ತನ್ನ ಪರಿಚಯ ಕಳಿಸುತ್ತದೆ, ಪಕ್ಕದವರು ಅದನ್ನು 120 ಸೆಕೆಂಡ್ ನೆನಪಿಡುತ್ತಾರೆ. ಸಿಡಿಪಿಗೆ ಅದು 60 ಮತ್ತು 180. ಹಾಗಾಗಿ ಕೇಬಲ್ ಹಾಕಿದ ತಕ್ಷಣ ನೋಡಿ 'ಬಂದಿಲ್ಲ' ಎನ್ನಬೇಡಿ, ಒಂದೆರಡು ನಿಮಿಷ ಕೊಡಿ.

ಒಂದು ಸೂಕ್ಷ್ಮವಿದೆ. ಎಲ್‌ಎಲ್‌ಡಿಪಿ ಸಂದೇಶದಲ್ಲಿ ನಿರ್ವಹಣಾ ವಿಳಾಸ ಐಚ್ಛಿಕ ಭಾಗ. ಸಾಧನ ಅದನ್ನು ಕಳಿಸದಿದ್ದರೆ ಪಕ್ಕದ ಸ್ವಿಚ್‌ಗೆ ಹೊಸಬರ ಹೆಸರು, ಪೋರ್ಟ್ ಎಲ್ಲಾ ಗೊತ್ತು, ಐಪಿ ಮಾತ್ರ ಗೊತ್ತಿಲ್ಲ. ಡಿಎನ್‌ಎಸ್‌ನಲ್ಲೂ ಆ ಹೆಸರು ಇಲ್ಲದಿದ್ದರೆ ಎನ್‌ಎಂಎಸ್ ಅಲ್ಲಿಗೇ ಕೈಚೆಲ್ಲುತ್ತದೆ. ಪಕ್ಕದ ಸ್ವಿಚ್‌ಗೆ ಲಾಗಿನ್ ಆಗಿ ನೆರೆಯ ವಿವರದಲ್ಲಿ ಐಪಿ ಕಾಣುತ್ತಿದೆಯೇ, ಅದು ನೀವು ಗೊತ್ತುಮಾಡಿದ ಐಪಿಯೇ ಎಂದು ನೋಡಿಯೇ ಬನ್ನಿ. ಹೊರ ಸಂಸ್ಥೆಗಳ ಕಡೆಗೆ, ಇಂಟರ್ನೆಟ್ ಕಡೆಗೆ ಇರುವ ಪೋರ್ಟ್‌ಗಳಲ್ಲಿ ಮಾತ್ರ ಇದನ್ನು ಆಫ್ ಮಾಡಿ. ನಮ್ಮ ಮನೆಯ ವಿವರ ಅವರಿಗೇಕೆ?

ನೆರೆಯವರ ದಾರಿಯಲ್ಲಿ ಸಾಗಿದರೆ ಐಪಿ ಫೋನ್‌ಗಳು, ಸರ್ವರ್‌ಗಳು ಎಲ್ಲಾ ಬಂದು ಸೇರುತ್ತವೆ. ಎಲ್‌ಎಲ್‌ಡಿಪಿಯಲ್ಲಿ 'ನಾನು ಸ್ವಿಚ್', 'ನಾನು ರೌಟರ್', 'ನಾನು ಫೋನ್' ಎಂದು ಹೇಳಿಕೊಳ್ಳುವ ಭಾಗವೂ ಇದೆ, ಅದರ ಮೇಲೆ ಜರಡಿ ಹಿಡಿಯಿರಿ.

6. ಎನ್‌ಎಂಎಸ್ ಒಳಗಿನ ತಡೆಗಳು

ಸಾಧನ ಸಿದ್ಧ, ದಾರಿ ತೆರೆದಿದೆ, ಕೈಯಿಂದ ಕೇಳಿದರೆ ಉತ್ತರ ಬರುತ್ತಿದೆ. ಆದರೂ ಪಟ್ಟಿಗೆ ಬರಲಿಲ್ಲ ಎಂದರೆ ತಂತ್ರಾಂಶದ ಸೆಟ್ಟಿಂಗ್‌ಗೆ ಹೋಗಿ.

ಹೊಸ ಸಾಧನದ ಸಬ್‌ನೆಟ್ (ಅದು ಸೇರಿದ ವಿಳಾಸಗಳ ಗುಂಪು) ಹುಡುಕಾಟದ ವ್ಯಾಪ್ತಿಯಲ್ಲಿದೆಯೇ? ಹೊಸ ಕಟ್ಟಡಕ್ಕೆ ಹೊಸ ಸಬ್‌ನೆಟ್ ಕೊಟ್ಟು ಎನ್‌ಎಂಎಸ್ ತಂಡಕ್ಕೆ ತಿಳಿಸದಿರುವುದು ತೀರಾ ಸಾಮಾನ್ಯ. ಇದಕ್ಕೆ ಹೆದರಿ 'ಎಲ್ಲಾ ಇರಲಿ' ಎಂದು ದೊಡ್ಡ ವ್ಯಾಪ್ತಿ ಕೊಡುವುದೂ ತಪ್ಪೇ. ಲೆಕ್ಕ ಹಾಕಿ ನೋಡೋಣ. ನೆಟ್-ಎಸ್‌ಎನ್‌ಎಂಪಿ ಕಮಾಂಡ್‌ಗಳ ರೂಢಿಯ ಸೆಟ್ಟಿಂಗ್‌ನಲ್ಲಿ ಒಂದು ಪ್ರಯತ್ನಕ್ಕೆ 1 ಸೆಕೆಂಡ್ ಕಾಯುವಿಕೆ, ಮೇಲೆ 5 ಮರುಪ್ರಯತ್ನ. ಅಂದರೆ ಉತ್ತರಿಸದ ಒಂದು ವಿಳಾಸಕ್ಕೆ 6 ಸೆಕೆಂಡ್. /24 ಸಬ್‌ನೆಟ್‌ನ 254 ವಿಳಾಸಗಳೂ ಸುಮ್ಮನಿದ್ದು, ಒಂದಾದ ಮೇಲೊಂದು ಕೇಳುತ್ತಾ ಹೋದರೆ 25 ನಿಮಿಷ. ಮೂರು ಬಗೆಯ ಗುಪ್ತಪದ ಪ್ರಯತ್ನಿಸುವಂತೆ ಹೇಳಿದ್ದರೆ ಒಂದೂಕಾಲು ಗಂಟೆ. /16ಕ್ಕೆ 65,534 ವಿಳಾಸ, ಅದೇ ಲೆಕ್ಕದಲ್ಲಿ ಹದಿಮೂರು ದಿನಕ್ಕೂ ಹೆಚ್ಚು. ತಂತ್ರಾಂಶಗಳು ಮೊದಲು ಪಿಂಗ್ ಮಾಡುವುದೂ, ಹಲವು ವಿಳಾಸಗಳನ್ನು ಒಟ್ಟಿಗೆ ಕೇಳುವುದೂ ಇದಕ್ಕೇ. ಹಾಗಿದ್ದರೂ ಒಂದು ಸುತ್ತು ಮುಗಿಯುವ ಮೊದಲೇ ಮುಂದಿನ ಸುತ್ತು ಶುರುವಾಗುವಂತೆ ಸಮಯ ಇಟ್ಟಿರುವವರನ್ನು ನೋಡಿದ್ದೇನೆ. ನಿರ್ವಹಣಾ ಸಬ್‌ನೆಟ್‌ಗಳನ್ನಷ್ಟೇ ಕೊಡಿ.

ಐಪಿವಿ6ರಲ್ಲಂತೂ ವಿಳಾಸ ತಟ್ಟುವ ಮಾತೇ ಬೇಡ. ಒಂದು /64ರ ಎಲ್ಲಾ ವಿಳಾಸಗಳನ್ನು ಸೆಕೆಂಡಿಗೆ ಹತ್ತು ಲಕ್ಷದಂತೆ ತಟ್ಟಿದರೂ 5,80,000 ವರ್ಷಕ್ಕೂ ಹೆಚ್ಚು ಬೇಕು. ಅಲ್ಲಿ ನೆರೆಯವರ ಪಟ್ಟಿ, ಡಿಎನ್‌ಎಸ್, ಐಪಿ ದಾಖಲೆಗಳಿಂದಲೇ ಸೇರಿಸಬೇಕು.

ಗುಪ್ತಪದಗಳ ಪಟ್ಟಿಯಲ್ಲಿ ಹೆಚ್ಚು ಬಳಕೆಯದ್ದು ಮೇಲಿರಲಿ, ಸತ್ತವು ಹೋಗಲಿ. ಎಸ್‌ಎಸ್‌ಎಚ್ ಲಾಗಿನ್‌ಗಳನ್ನೂ ಡಿಸ್ಕವರಿ ಪ್ರಯತ್ನಿಸುವುದಾದರೆ ಎಚ್ಚರ. ತಪ್ಪು ಗುಪ್ತಪದ ಮತ್ತೆ ಮತ್ತೆ ಕೊಟ್ಟು ರೇಡಿಯಸ್ ಅಥವಾ ಟಕಾಕ್ಸ್ (ಲಾಗಿನ್ ಪರಿಶೀಲಿಸುವ ಸರ್ವರ್‌ಗಳು) ಹಿಂದಿರುವ ಖಾತೆಯನ್ನೇ ಲಾಕ್ ಮಾಡಿಸಿಬಿಡಬಹುದು.

ಪತ್ತೆಯಾಗುವುದು ಬೇರೆ, ಸೇರ್ಪಡೆಯಾಗುವುದು ಬೇರೆ. ಜಾಬಿಕ್ಸ್ ಎಂಬ ಎನ್‌ಎಂಎಸ್‌ನಲ್ಲಿ ಡಿಸ್ಕವರಿ ನಿಯಮ ಬರೆದರೆ ಅದು ಕಂಡದ್ದನ್ನು ಘಟನೆಯಾಗಿ ದಾಖಲಿಸುತ್ತದೆ ಅಷ್ಟೇ. ಹೋಸ್ಟ್ ಆಗಿ ಸೇರಿಸಿ, ಟೆಂಪ್ಲೇಟ್ ಜೋಡಿಸಿ ಎಂಬ ಆಕ್ಷನ್ ಅನ್ನು ಬೇರೆಯಾಗಿ ಬರೆಯಬೇಕು. ಬೇರೆ ಕೆಲವು ತಂತ್ರಾಂಶಗಳಲ್ಲಿ ಹೊಸ ಸಾಧನಗಳು ಒಪ್ಪಿಗೆಯ ಸರತಿಯಲ್ಲಿ ಕಾಯುತ್ತಿರುತ್ತವೆ, ಆ ಪುಟ ತೆರೆದು ಆರು ತಿಂಗಳಾಗಿರುತ್ತದೆ. ಲೈಸೆನ್ಸ್ ಮಿತಿಯನ್ನೂ ನೋಡಿಕೊಳ್ಳಿ, ಮಿತಿ ತುಂಬಿದ ಮೇಲೆ ಬಂದವರಿಗೆ ಜಾಗವಿಲ್ಲ.

7. ಸಿಕ್ಕಿತು, ಆದರೆ ಬೇರೆ ಯಾರೋ ಆಗಿ

ಪಟ್ಟಿಯಲ್ಲಿ 'ಗೊತ್ತಿಲ್ಲದ ಸಾಧನ' ಎಂದು ಬಂದರೆ ಅದರ ಸಿಸ್‌ಆಬ್ಜೆಕ್ಟ್‌ಐಡಿ ತಂತ್ರಾಂಶದ ಪುಸ್ತಕದಲ್ಲಿಲ್ಲ ಎಂದರ್ಥ. ಹೊಸ ಮಾದರಿಗಳಲ್ಲಿ ಇದು ಸಹಜ. ಸಾಧನ ವ್ಯಾಖ್ಯಾನಗಳನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತಯಾರಕರ ಎಂಐಬಿ ಫೈಲ್ (ಓಐಡಿಗಳ ಅರ್ಥಕೋಶ) ತಂದು ಕೈಯಿಂದ ಜೋಡಿಸಿ. ಹಾಗೆಯೇ ಬಿಟ್ಟರೆ ಪಿಂಗ್ ಮತ್ತು ಇಂಟರ್‌ಫೇಸ್ ಸಿಗುತ್ತವೆ, ಫ್ಯಾನ್, ತಾಪಮಾನ, ಪವರ್ ಸಪ್ಲೈ ಸಿಗುವುದಿಲ್ಲ. ಮೊದಲ ಪ್ಯಾರಾದ ಸ್ವಿಚ್ ಪಟ್ಟಿಯಲ್ಲಿದ್ದೂ ಹಾಗೆಯೇ ಸಾಯಬಹುದು.

ಒಂದೇ ರೌಟರ್ ಐದು ವಿಳಾಸಗಳಲ್ಲಿ ಐದು ಸಾಧನವಾಗಿ ಬಂದರೆ ಸೀರಿಯಲ್ ನಂಬರ್ ಅಥವಾ ಎಂಜಿನ್ ಐಡಿ ನೋಡಿ ಒಂದಾಗಿಸಿ. ಸ್ಟ್ಯಾಕ್ ಮಾಡಿದ ಸ್ವಿಚ್‌ಗಳು ಇದಕ್ಕೆ ತಿರುಗುಮುರುಗು: ನಾಲ್ಕು ಪೆಟ್ಟಿಗೆ, ಒಂದೇ ಐಪಿ. ಒಳಗೆ ನಾಲ್ಕೂ ಸೀರಿಯಲ್ ನಂಬರ್ ಕಾಣುತ್ತಿವೆಯೇ ಎಣಿಸಿ. ಜೋಡಿ ಫೈರ್‌ವಾಲ್‌ಗಳಲ್ಲಿ ಹಂಚಿಕೊಂಡ ವಿಳಾಸವೊಂದನ್ನೇ ಸೇರಿಸಿದರೆ ಕಾಯುತ್ತಿರುವ ಎರಡನೆಯದು ಕೆಟ್ಟದ್ದು ತಿಳಿಯದು, ಇಬ್ಬರ ಸ್ವಂತ ವಿಳಾಸವನ್ನೂ ಸೇರಿಸಿ. ಕಂಟ್ರೋಲರ್ ಅಡಿಯಲ್ಲಿರುವ ವೈಫೈ ಆಕ್ಸೆಸ್ ಪಾಯಿಂಟ್‌ಗಳನ್ನು ನೇರವಾಗಿ ಹುಡುಕಬೇಡಿ, ಕಂಟ್ರೋಲರ್‌ನಿಂದಲೇ ಅವುಗಳ ಲೆಕ್ಕ ತೆಗೆದುಕೊಳ್ಳಿ.

8. ತಾನಾಗಿ ಸಿಗಲಿ ಎಂದು ಕಾಯಬೇಡಿ

ಸಾಧನಗಳು ಹತ್ತಿಪ್ಪತ್ತು ಇದ್ದರೆ ಮೇಲಿನದ್ದನ್ನೆಲ್ಲ ಕೈಯಿಂದ ಮಾಡಬಹುದು. ನೂರು ದಾಟಿದರೆ ಟೆಂಪ್ಲೇಟ್ ಬೇಕು. ಗೇಟ್‌ವೇ, ಎಸ್‌ಎನ್‌ಎಂಪಿ, ಎಸಿಎಲ್, ಎಲ್‌ಎಲ್‌ಡಿಪಿ, ಟ್ರ್ಯಾಪ್ ವಿಳಾಸ, ಸ್ಥಳದ ವಿವರ ಇವೆಲ್ಲ ಮೊದಲ ಕಾನ್ಫಿಗರೇಶನ್‌ನಲ್ಲೇ ಇರಲಿ. ಡಿಎಚ್‌ಸಿಪಿ ಮೂಲಕ ತಾನಾಗಿ ಕಾನ್ಫಿಗರೇಶನ್ ಎಳೆದುಕೊಳ್ಳುವ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು.

ಟ್ರ್ಯಾಪ್ ವಿಳಾಸ ಮೊದಲೇ ಇದ್ದರೆ ಇನ್ನೊಂದು ಲಾಭ. ಸಾಧನ ಮೊದಲ ಸಲ ಎದ್ದಾಗ ಕೋಲ್ಡ್‌ಸ್ಟಾರ್ಟ್ ಟ್ರ್ಯಾಪ್ ಕಳಿಸುತ್ತದೆ. ಗೊತ್ತಿಲ್ಲದ ವಿಳಾಸದಿಂದ ಟ್ರ್ಯಾಪ್ ಬಂದರೆ ಅದನ್ನು ಹೊಸ ಸಾಧನದ ಸುಳಿವೆಂದು ಹಿಡಿದು ಹುಡುಕಾಟ ಶುರುಮಾಡುವಂತೆ ಓಪನ್‌ಎನ್‌ಎಂಎಸ್‌ನಂಥ ತಂತ್ರಾಂಶಕ್ಕೆ ಹೇಳಬಹುದು. ಟ್ರ್ಯಾಪ್ ದಾರಿಯಲ್ಲಿ ಕಳೆದುಹೋಗಲೂಬಹುದು, ಯುಡಿಪಿ ಅಲ್ಲವೇ. ಹಾಗಾಗಿ ಇದನ್ನೇ ನಂಬಿ ಕೂರುವಂತಿಲ್ಲ.

ನನ್ನ ಮಟ್ಟಿಗೆ ಸರಿಯಾದ ದಾರಿ, ಅಳವಡಿಸುವ ಸ್ಕ್ರಿಪ್ಟ್‌ನ ಕೊನೆಯ ಸಾಲೇ ಎನ್‌ಎಂಎಸ್‌ನ ಎಪಿಐಗೆ 'ಈ ಸಾಧನವನ್ನು ಸೇರಿಸಿ' ಎಂದು ಹೇಳುವುದು. ರಾತ್ರಿಯ ಡಿಸ್ಕವರಿ ಆಮೇಲೂ ಓಡಲಿ, ಆದರೆ ಅದರ ಕೆಲಸ ಕೈತಪ್ಪಿದ್ದನ್ನು ಹಿಡಿಯುವುದು. ಅದು ಹೊಸದೇನಾದರೂ ತಂದರೆ 'ಯಾರು ಹಾಕಿದ್ದು ಇದು' ಎಂದು ವಿಚಾರಿಸಬೇಕು.

ಸ್ಥಳ ಬಿಡುವ ಮೊದಲು ಒಂದು ಪರೀಕ್ಷೆ. ಬಳಕೆಯಲ್ಲಿಲ್ಲದ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಕೇಬಲ್ ಕಿತ್ತು, ಆ ಪೋರ್ಟ್ ಬಿದ್ದದ್ದು ಎನ್‌ಎಂಎಸ್‌ನಲ್ಲಿ ಕಂಡಿತೇ ನೋಡಿ. ಎರಡು ಪವರ್ ಸಪ್ಲೈ ಇರುವ ಸಾಧನವಾದರೆ, ಇನ್ನೂ ಯಾರೂ ಬಳಸುತ್ತಿಲ್ಲದ ಹೊತ್ತಿನಲ್ಲಿ, ಒಂದರ ತಂತಿ ತೆಗೆದು ಅಲಾರಂ ಬರುವ ತನಕ ಕಾಯಿರಿ. ಆಮೇಲೆ ಟಿಕೆಟ್ ಮುಚ್ಚಿ. ವಾರಕ್ಕೊಮ್ಮೆ ಪಕ್ಕದವರ ಎಲ್‌ಎಲ್‌ಡಿಪಿ ಪಟ್ಟಿ, ಆಸ್ತಿ ದಾಖಲೆ, ಎನ್‌ಎಂಎಸ್ ಪಟ್ಟಿ ಮೂರನ್ನೂ ತಾಳೆ ನೋಡುವ ಚಿಕ್ಕ ಸ್ಕ್ರಿಪ್ಟ್ ಬರೆದಿಟ್ಟರೆ ಯಾವುದು ಎಲ್ಲಿ ತಪ್ಪಿಸಿಕೊಂಡಿದೆ ಎಂದು ಅದೇ ಹೇಳುತ್ತದೆ.

ಕೆಟ್ಟ ಸಾಧನದ ಜಾಗಕ್ಕೆ ಬದಲಿ ಹಾಕುವಾಗ ಮಾತ್ರ ಇನ್ನೊಂದು ಜಾಗ್ರತೆ ಬೇಕು. ಅದೇ ಹೆಸರು, ಅದೇ ಐಪಿ, ಬ್ಯಾಕಪ್‌ನಿಂದ ಅದೇ ಕಾನ್ಫಿಗರೇಶನ್ ಹಾಕಿರುತ್ತೇವೆ, ಪಟ್ಟಿಯಲ್ಲೂ ಸಾಧನ ಮೊದಲೇ ಇದೆ, ಎಲ್ಲಾ ಸರಿ ಇರಬೇಕು. ಆದರೆ ಸಿಸ್ಕೊ ಐಒಎಸ್‌ನಲ್ಲಿ ಎಸ್‌ಎನ್‌ಎಂಪಿ ಆವೃತ್ತಿ 3ರ ಬಳಕೆದಾರರ ಸಾಲು ರನ್ನಿಂಗ್ ಕಾನ್ಫಿಗರೇಶನ್‌ನಲ್ಲಿ ಕಾಣುವುದಿಲ್ಲ, ಹಾಗಾಗಿ ಅದರ ಬ್ಯಾಕಪ್‌ನಲ್ಲೂ ಇರುವುದಿಲ್ಲ. ಬಳಕೆದಾರರನ್ನು ಕೈಯಿಂದ ಮತ್ತೆ ಸೃಷ್ಟಿಸಿ. ಹೊಸ ಪೆಟ್ಟಿಗೆಯ ಎಂಜಿನ್ ಐಡಿಯೂ ಬೇರೆ. ಎನ್‌ಎಂಎಸ್ ಹಳೆಯದನ್ನೇ ನೆನಪಿಟ್ಟುಕೊಂಡು ಕೂತಿದ್ದರೆ ಆ ನೆನಪನ್ನು ಅಳಿಸಿ, ಸಾಧನವನ್ನು ಮತ್ತೊಮ್ಮೆ ಡಿಸ್ಕವರಿಗೆ ಒಪ್ಪಿಸಿ, ಸೀರಿಯಲ್ ನಂಬರ್ ಹೊಸದಾಗಿದೆಯೇ ನೋಡಿ.